ಒಂದು ದಿನದ ದುಡಿಮೆಯ ಉಡುಗೊರೆ

ನವೆಂಬರ್ 20

ಭಾವನವರಿಗೆ ನಮಸ್ಕಾರ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ, ಅಮ್ಮನ ಎಡ ಮೊಣಕಾಲೊಂದನ್ನು ಬಿಟ್ಟು.

ಪ್ರೆಸ್ಸಿನಲ್ಲಿ ಈ ತಿಂಗಳು ನಾನು ಮಡಚುತ್ತಿರುವುದು ಆಟಿಕೆ ಅಂಗಡಿಯ ಜಾಹೀರಾತು. ನಲವತ್ತು ಸಾವಿರ ಹಾಳೆ. ಪ್ರತಿ ಹಾಳೆಯಲ್ಲೂ ಕೆಂಪು ಟೋಪಿಯ ಅದೇ ಮುದುಕ, ಹಲ್ಲು ಕಿರಿಯುವ ಅದೇ ಮಗು. ಅವರ ಕೆಳಗೆ ‘ನಿಮ್ಮ ಪ್ರೀತಿಗೆ ಬೆಲೆ ಕಟ್ಟಬೇಡಿ’ ಎಂಬ ಸಾಲು, ಆ ಸಾಲಿನ ಕೆಳಗೆ ಬೆಲೆಗಳ ಪಟ್ಟಿ. ಮಡಚುವುದನ್ನೆಲ್ಲ ಓದುವುದು ನನ್ನ ಚಟ. ಈ ತಿಂಗಳು ಅದೇ ನನಗೆ ಶಿಕ್ಷೆಯಾಗಿದೆ.

ಮಕ್ಕಳ ಕ್ರಿಸ್‌ಮಸ್ ಉಡುಗೊರೆಗೆ ಈ ಸಲ ಎಷ್ಟು ಎಂದು ತೀರ್ಮಾನಿಸಬೇಕು. ತೀರ್ಮಾನ ಎನ್ನುವುದೂ ತಪ್ಪು, ಅಕ್ಕ ಅದನ್ನು ಮಾಡಿಟ್ಟೇ ಹೋಗಿದ್ದಾಳೆ. ಒಂದೊಂದು ಮಗುವಿಗೆ ಅಪ್ಪನ ಒಂದು ದಿನದ ಸಂಬಳ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಪೊಟ್ಟಣ ಬಿಚ್ಚುವ ಮೊದಲು ಅದನ್ನು ಅವರ ಕೈಯಲ್ಲಿಟ್ಟು “ಇದು ನಿಮ್ಮಪ್ಪನ ಒಂದು ದಿನ. ತೂಕ ನೋಡಿ” ಎನ್ನುತ್ತಿದ್ದಳು. ಅವಳು ಹೋಗಿ ನಾಲ್ಕು ವರ್ಷವಾಯಿತು. ಇಷ್ಟು ನೇರವಾದ ಅರ್ಥಶಾಸ್ತ್ರವನ್ನು ನಾನು ಇನ್ನೂ ಯಾವ ಕಿರುಹೊತ್ತಿಗೆಯಲ್ಲೂ ಓದಿಲ್ಲ.

ಬಂದರು ಕಾರ್ಮಿಕರ ಸಂಘದ ಹೊಸ ಸಂಬಳದ ಪಟ್ಟಿ ನಮ್ಮಲ್ಲೇ ಅಚ್ಚಾಯಿತು. ನಿಮ್ಮಂತೆ ಕ್ರೇನ್ ನಡೆಸುವವರಿಗೆ ದಿನಕ್ಕೆ ಒಂಬೈನೂರು. ಓದಿ ಸಂತೋಷವಾಯಿತು, ಅದು ನಿಮ್ಮವರು ಹೋರಾಡಿ ತೆಗೆದುಕೊಂಡ ದುಡ್ಡು. ದೊಡ್ಡವಳಿಗೆ ಇಪ್ಪತ್ತನಾಲ್ಕು ಬಣ್ಣದ ಪೆಟ್ಟಿಗೆ ಬೇಕಂತೆ. ನಮ್ಮ ಚಿಕ್ಕವನು ಬುಗುರಿಗೆ, ಕೀ ಕೊಟ್ಟರೆ ಓಡುವ ರೈಲು, ಹಳಿ ಸಮೇತ. ಎರಡೂ ಒಂಬೈನೂರರೊಳಗೆ ಸಿಗುತ್ತವೆ, ನಾನೇ ಮಡಚಿದ ಬೆಲೆಪಟ್ಟಿ ನೋಡಿ ಹೇಳುತ್ತಿದ್ದೇನೆ.

ಜನವರಿಯಲ್ಲಿ ಮಕ್ಕಳನ್ನು ನಿಮ್ಮ ಕ್ವಾರ್ಟರ್ಸಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಜೂನಿನಲ್ಲಿ ಬರೆದಿದ್ದಿರಿ. ತಾರೀಖು ತಿಳಿಸಿ. ದೊಡ್ಡವಳು ಈಗಲೇ ಬ್ಯಾಗು ತುಂಬಿಟ್ಟಿದ್ದಾಳೆ. ದಿನಾ ಬೆಳಗ್ಗೆ ಶಾಲೆಯ ಬಟ್ಟೆಯನ್ನು ಅದರಿಂದ ತೆಗೆದು ಹಾಕಿಕೊಂಡು, ಸಂಜೆ ಮಡಚಿ ಮತ್ತೆ ಅದರಲ್ಲೇ ಇಡುತ್ತಾಳೆ.

ಅಕ್ಟೋಬರಿನಲ್ಲಿ ಕಳಿಸಿದ ಕಾರ್ಮಿಕರ ಕರಪತ್ರಗಳ ಕಟ್ಟು ತಲುಪಿತೇ? ನೀವು ಅದರ ಬಗ್ಗೆ ಒಂದು ಮಾತೂ ಬರೆದಿಲ್ಲ. ಇನ್ನೊಂದು ಕಟ್ಟು ಸಿದ್ಧವಿದೆ.

ನಿಮ್ಮ ಭಾಮೈದ


ಡಿಸೆಂಬರ್ 1

ಪ್ರೀತಿಯ ಕರಪತ್ರ,

ನಿನ್ನ ಕಾಗದ ಬಂತು. ನಾನು ಆರೋಗ್ಯವಾಗಿದ್ದೇನೆ. ಇಲ್ಲಿ ಗಾಳಿ ಜಾಸ್ತಿ. ನಿನ್ನೆ ನಮ್ಮ ಮೇಲ್ವಿಚಾರಕನ ಟೋಪಿ ಹಾರಿ ನೀರಿಗೆ ಬಿತ್ತು, ನೂರು ಜನ ನಿಂತು ನೋಡಿದೆವು, ಎತ್ತಿಕೊಡಲು ಯಾರಿಗೂ ಕೈ ಬಿಡುವಿರಲಿಲ್ಲ.

ಮನಿ ಆರ್ಡರ್ ಮಾಡಿದ್ದೇನೆ. ಒಂದೊಂದು ಮಗುವಿಗೆ ನಾನೂರು. ನಿನ್ನ ಅಕ್ಕನ ನಿಯಮದಂತೆಯೇ. ಬಣ್ಣದ ಪೆಟ್ಟಿಗೆ ಚಿಕ್ಕದು ಸಿಕ್ಕರೆ ಸಾಕು. ರೈಲು ಅಷ್ಟರಲ್ಲಿ ಬರದಿದ್ದರೆ ಬುಗುರಿಗೆ ಬೇರೇನಾದರೂ ಆಸೆ ಹುಟ್ಟಿಸು. ನಿನಗೆ ಮಾತು ಗೊತ್ತಲ್ಲ.

ಕಟ್ಟು ಕಳಿಸಬೇಡ. ಇಲ್ಲಿ ಓದುವುದಕ್ಕೆ ಸಮಯವಿಲ್ಲ.

ಅತ್ತೆಯ ಮೊಣಕಾಲಿಗೆ ಎಣ್ಣೆ ಹಚ್ಚಿ ಬಿಸಿನೀರಿನ ಶಾಖ ಕೊಡಿ.

ನಿನ್ನ ಭಾವ


ಡಿಸೆಂಬರ್ 5

ಭಾವ,

ಮನಿ ಆರ್ಡರ್ ಬಂತು. ಅಂಚೆಯವನು ಎಣಿಸಿಕೊಟ್ಟ. ನಾನು ಇನ್ನೊಮ್ಮೆ ಎಣಿಸಿದೆ. ಅವನು “ಯಾಕ್ ಸಾರ್, ನನ್ ಮೇಲೆ ಅನುಮಾನಾನಾ?” ಎಂದ. ಅನುಮಾನ ಅವನ ಮೇಲಲ್ಲ.

ಒಂದು ದಿನದ ಸಂಬಳ ಒಂಬೈನೂರು. ನೀವು ಕಳಿಸಿದ್ದು ನಾನೂರು. ‘ಈ ವರ್ಷ ಕೈ ಬಿಗಿ, ನಿಯಮ ಮುರಿಯುತ್ತೇನೆ’ ಎಂದು ಬರೆದಿದ್ದರೆ ನಾನು ತಲೆ ಬಾಗುತ್ತಿದ್ದೆ. ನೀವು ಹಾಗೆ ಬರೆಯಲಿಲ್ಲ. ‘ನಿಯಮದಂತೆಯೇ’ ಎಂದು ಬರೆದಿರಿ. ಅರ್ಧಕ್ಕಿಂತ ಕಡಿಮೆ ಕಳಿಸಿ ಅದರ ಮೇಲೆ ಅಕ್ಕನ ಹೆಸರನ್ನು ಮುದ್ರೆ ಒತ್ತಿದಿರಿ.

ಹಾಗಾಗಿ ಕೇಳಬೇಕಾಗಿದೆ. ಉಳಿದದ್ದು ಯಾವ ಮನೆಗೆ ಹೋಗುತ್ತಿದೆ? ಮಾರ್ಚಿನ ಕಾಗದದಲ್ಲಿ ಕ್ಯಾಂಟೀನಿನಾಕೆ ಅಂಗಿಗೆ ಗುಂಡಿ ಹಾಕಿಕೊಟ್ಟಳು ಎಂದು ಬರೆದಿದ್ದಿರಿ. ಆಗ ನಾವು ಓದಿ ನಕ್ಕಿದ್ದೆವು. ನೀವು ಇನ್ನೊಂದು ಮದುವೆಯಾಗುವುದನ್ನು ತಡೆಯುವವನು ನಾನಲ್ಲ, ಅದು ನಿಮ್ಮ ಹಕ್ಕು. ಆದರೆ ಹೇಳದೇ ಮಾಡುವುದು ಹಕ್ಕಲ್ಲ.

ಇನ್ನೊಂದು ಮಾತು. ‘ಓದುವುದಕ್ಕೆ ಸಮಯವಿಲ್ಲ’ ಎನ್ನುವುದು ಕಾರ್ಮಿಕನ ಮಾತಲ್ಲ, ಕಾರ್ಮಿಕನ ಬಗ್ಗೆ ಯಜಮಾನ ಆಡುವ ಮಾತು. ಅದು ನಿಮ್ಮ ಬಾಯಿಗೆ ಎಲ್ಲಿಂದ ಬಂತು? ಮೇಲ್ವಿಚಾರಕರ ಜೊತೆ ಕೂತು ಟೀ ಕುಡಿಯುವಷ್ಟು ಹತ್ತಿರವಾಗಿದ್ದೀರಾ?

ಜನವರಿಯ ತಾರೀಖು ಕೇಳಿದ್ದೆ. ಅದಕ್ಕೂ ಉತ್ತರವಿಲ್ಲ.

ನವೆಂಬರಿನ ಸಂಬಳದ ಚೀಟಿ ಕಳಿಸಿ. ನೋಡಿ ಹಿಂದಿರುಗಿಸುತ್ತೇನೆ.

ನಿಮ್ಮ ಭಾಮೈದ


ಡಿಸೆಂಬರ್ 9

ಕರಪತ್ರ,

ನಾನು ನಿನ್ನ ಅಕ್ಕನ ಕೈ ಹಿಡಿದಾಗ ನೀನು ಚಡ್ಡಿಯ ಲಾಡಿ ಕಟ್ಟಲು ನನ್ನನ್ನು ಕರೆಯುತ್ತಿದ್ದೆ. ಈಗ ಸಂಬಳದ ಚೀಟಿ ಕೇಳುತ್ತೀಯ. ಬೆಳೆದಿದ್ದೀಯ, ಸಂತೋಷ.

ಕ್ಯಾಂಟೀನಿನಾಕೆಗೆ ಅರವತ್ತೆಂಟು ವರ್ಷ. ಬಾಯಲ್ಲಿ ಮೂರು ಹಲ್ಲಿವೆ, ಅದರಲ್ಲಿ ಒಂದು ಅಲ್ಲಾಡುತ್ತದೆ. ನಿನ್ನ ಕಾಗದವನ್ನು ಓದಿ ಹೇಳಿದೆ. “ಅಷ್ಟು ದೂರದಿಂದ ನನಗೊಂದು ಗಂಡು ನೋಡಿದ್ದಾನಲ್ಲ, ಆ ಹುಡುಗನಿಗೆ ಒಳ್ಳೇದಾಗ್ಲಿ” ಎಂದಳು.

ಈಗ ನನ್ನ ಪ್ರಶ್ನೆ. ಇದನ್ನೆಲ್ಲ ಕೇಳುತ್ತಿರುವುದು ಯಾರು? ಅತ್ತೆಯೋ, ನೀನೋ? ಅತ್ತೆ ಕೇಳುವವರಲ್ಲ. ನಾಲ್ಕು ವರ್ಷದಿಂದ ಮಕ್ಕಳು ನಿನ್ನ ಹತ್ತಿರ ಇದ್ದಾರೆ. ಬುಗುರಿಗೆ ನನ್ನ ಮುಖಕ್ಕಿಂತ ನಿನ್ನ ಮುಖದ ಪರಿಚಯ ಹೆಚ್ಚು. ಅವರನ್ನು ಕಳಿಸಲು ನಿನಗೆ ಮನಸ್ಸಿಲ್ಲವೇನೋ ಎಂದು ನನಗೆ ಅನ್ನಿಸುತ್ತಿದೆ. ಅದಕ್ಕೊಂದು ನೆಪ ಬೇಕು, ನಾನು ಕೆಟ್ಟವನಾದರೆ ನೆಪ ಸಲೀಸು. ಮೂರು ವಾರದಿಂದ ಮಗಳು ನನಗೆ ಒಂದು ಸಾಲು ಬರೆದಿಲ್ಲ. ಯಾಕೆ? ಅವಳೇ ಬರೆಯುತ್ತಿಲ್ಲವೋ, ಬರೆದದ್ದು ಪೆಟ್ಟಿಗೆಗೆ ಬೀಳುತ್ತಿಲ್ಲವೋ?

ನಾನೂರು ನಿಯಮದಂತೆಯೇ ಇದೆ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಜನವರಿ ಬೇಡ. ಬೇಸಿಗೆ ರಜೆಯ ಹೊತ್ತಿಗೆ ನೋಡೋಣ. ಮಗಳಿಗೆ ಮೆಲ್ಲಗೆ ಹೇಳು.

ಭಾವ


ಡಿಸೆಂಬರ್ 12

ಮೆಲ್ಲಗೆ ಹೇಳು ಎಂದಿರಿ. ಹೇಗೆ ಹೇಳಿದೆ ಎಂದು ಬರೆಯುತ್ತೇನೆ, ನನ್ನ ಬಗ್ಗೆ ನಿಮಗೆ ಅನುಮಾನ ಬೇಡ.

ನಿಮ್ಮ ಕಾಗದ ಬಂದಾಗ ದೊಡ್ಡವಳು ಶಾಲೆಯಿಂದ ಬಂದು ಶೂ ಬಿಚ್ಚುತ್ತಿದ್ದಳು.

“ಅಪ್ಪ ಏನ್ ಬರ್ದಿದಾರೆ?”

“ಜನವರಿ ಬೇಡ ಅಂತೆ. ಬೇಸಿಗೆಗೆ ನೋಡೋಣ ಅಂತೆ.”

“ಯಾಕಂತೆ?”

“ಬರ್ದಿಲ್ಲ.”

“ಬರ್ದಿಲ್ವಾ, ನೀನು ಹೇಳ್ತಿಲ್ವಾ?”

ಹನ್ನೊಂದು ವರ್ಷದ ಹುಡುಗಿ ನನ್ನನ್ನು ಹೀಗೆ ನೋಡುವಂತೆ ಮಾಡಿದ್ದು ನಿಮ್ಮ ಗುಟ್ಟು. ಸತ್ಯ ದೊಡ್ಡವರ ಸ್ವತ್ತಲ್ಲ, ಮಕ್ಕಳಿಗೂ ಅದರಲ್ಲಿ ಪಾಲಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅಪ್ಪನ ಒಂದು ದಿನ ಒಂಬೈನೂರು, ಮಕ್ಕಳಿಗೆ ಬಂದಿರುವುದು ತಲಾ ನಾನೂರು, ಉಳಿದದ್ದು ಎಲ್ಲಿಗೆ ಹೋಯಿತು ಎಂದು ಕೇಳಿದರೆ ಅಪ್ಪ ಹೇಳುತ್ತಿಲ್ಲ.

ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದರು. “ಮಗು ಹತ್ರ ಆಡೋ ಮಾತೇನೋ ಇದು? ಮನೆಗಾದ್ರೂ ಒಂದು ಬಾಗ್ಲಿರತ್ತೆ, ನಿನ್ನ ಬಾಯಿಗೆ ಅದೂ ಇಲ್ಲ.” ಬುಗುರಿ ಮಾತ್ರ “ಹಾಗಾದ್ರೆ ಅಪ್ಪ ಅರ್ಧ ದಿನ ಮಲಗಿದ್ರಾ?” ಎಂದು ಕೇಳಿದ. ದೊಡ್ಡವಳು ಬ್ಯಾಗಿನಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಬೀರುವಿನಲ್ಲಿ ಜೋಡಿಸಿದಳು. ಖಾಲಿ ಬ್ಯಾಗನ್ನು ಮಂಚದ ಕೆಳಗೆ ಕಾಲಿನಿಂದ ತಳ್ಳಿದಳು.

ಅವಳು ನಿಮಗೆ ಬರೆಯದಿದ್ದುದಕ್ಕೆ ಕಾರಣ ಪರೀಕ್ಷೆ. ನಾನು ಯಾರ ಕಾಗದವನ್ನೂ ಬಚ್ಚಿಟ್ಟುಕೊಳ್ಳುವವನಲ್ಲ. ಮಕ್ಕಳನ್ನು ಕಳಿಸಲು ನನಗೆ ಮನಸ್ಸಿಲ್ಲ ಎಂದಿರಿ. ಮನಸ್ಸಿಲ್ಲ, ನಿಜ. ಆದರೂ ಕಳಿಸುತ್ತಿದ್ದೆ.

ಉಡುಗೊರೆಯ ವಿಷಯ ಮುಗಿಸಿದ್ದೇನೆ. ಇಪ್ಪತ್ತನಾಲ್ಕು ಬಣ್ಣದ ಪೆಟ್ಟಿಗೆ, ಹಳಿಯ ರೈಲು, ಎರಡನ್ನೂ ತಂದು ಬೀರುವಿನ ಮೇಲಿಟ್ಟಿದ್ದೇನೆ. ಕಡಿಮೆ ಬಿದ್ದ ಸಾವಿರ ನನ್ನ ಕೈಯಿಂದ. ಅದು ಮಡಚುವವನ ಮೂರು ದಿನ. ಕ್ರಿಸ್‌ಮಸ್ ಬೆಳಗ್ಗೆ ಪೊಟ್ಟಣ ಮಕ್ಕಳ ಕೈಯಲ್ಲಿಟ್ಟು ಅದರಲ್ಲಿ ಯಾರ ಎಷ್ಟು ದಿನವಿದೆ ಎಂದು ನಾನೇ ಹೇಳುತ್ತೇನೆ.

ಇನ್ನೊಂದು ವಿಷಯವನ್ನೂ ಬೆನ್ನ ಹಿಂದೆ ಮಾಡಲಾರೆ. ಸಂಘದ ಕರಪತ್ರದ ಹಿಂಬದಿಯಲ್ಲಿ ನಿಮ್ಮ ಬಂದರಿನ ಸಂಘದ ಕಾರ್ಯದರ್ಶಿಯ ಮನೆ ವಿಳಾಸವಿದೆ. ಅವರಿಗೆ ಇವತ್ತೇ ಬರೆದಿದ್ದೇನೆ. ನಿಮಗೆ ದಿನಕ್ಕೆ ಎಷ್ಟು ಬರುತ್ತದೆ, ನೀವು ಯಾರ ಕಡೆಯವರು, ಇವೆರಡೇ ಕೇಳಿದ್ದೇನೆ.

ಸಹಿ ಬೇಕಿಲ್ಲ, ಬರೆದವನು ಯಾರೆಂದು ನಿಮಗೆ ಗೊತ್ತು.


ಡಿಸೆಂಬರ್ 16

ತಮ್ಮಾ,

ನೀನು ಕಾರ್ಯದರ್ಶಿಗೆ ಬರೆದ ಕಾಗದ ಹಿಡಿದುಕೊಂಡು ಅವನೇ ಇವತ್ತು ಊಟದ ಹೊತ್ತಿಗೆ ನನ್ನ ಹತ್ತಿರ ಬಂದ. “ನಿನ್ನ ಭಾಮೈದನಿಗೆ ನಾನು ಹೇಳ್ಲಾ, ನೀನೇ ಹೇಳ್ತೀಯಾ?” ಎಂದ. ನಾನೇ ಹೇಳುತ್ತೇನೆ. ನಿನ್ನ ಪುಣ್ಯ, ಕಾಗದ ಅವನ ಮನೆಗೆ ಹೋಯಿತು, ಸಂಘದ ಹೆಸರಿಗೆ ಬಂದದ್ದನ್ನು ಗೇಟಿನಲ್ಲೇ ಓದುತ್ತಾರೆ.

ನಮಗೆ ಮನೆಯಿಂದ ಬರುವ ಕಾಗದಗಳನ್ನು ಒಡೆಯುವುದಿಲ್ಲ, ಕಟ್ಟುಗಳನ್ನು ಒಡೆಯುತ್ತಾರೆ. ಅಕ್ಟೋಬರಿನಲ್ಲಿ ನೀನು ಕಳಿಸಿದ ಕಟ್ಟನ್ನು ಗೇಟಿನಲ್ಲಿ ಬಿಚ್ಚಿದರು. ಎಂಟು ಕರಪತ್ರ, ಮೇಲೆ ‘ನಿಮ್ಮವರಿಗೆ ಹಂಚಿ’ ಎಂಬ ಚೀಟಿ. ಕಳಿಸಿದವರ ವಿಳಾಸ ಹಾಕದಿರುವಷ್ಟು ಬುದ್ಧಿ ನಿನಗಿತ್ತು. ಆದರೆ ಕರಪತ್ರದ ಕೊನೆಯ ಸಾಲಿನಲ್ಲಿ ನಿನ್ನ ಪ್ರೆಸ್ಸಿನ ಹೆಸರು ಅಚ್ಚಾಗಿತ್ತು.

ಆಫೀಸಿಗೆ ಕರೆಸಿದರು. “ಇದು ಯಾರದ್ದು?” ಎಂದರು. “ನಂದು” ಎಂದೆ. “ಒಬ್ಬನಿಗೆ ಎಂಟು ಯಾಕೆ?” ಎಂದರು. “ನನಗೆ ಅರ್ಥ ಆಗೋದು ನಿಧಾನ, ಸಾರ್” ಎಂದೆ. ಅವರಿಗೆ ನಗು ಬರಲಿಲ್ಲ. ಅವರಿಗೆ ಬೇಕಿದ್ದುದು ಒಂದು ಹೆಸರು. ಕಾರ್ಯದರ್ಶಿ ಕೊಟ್ಟದ್ದು ಎಂದು ಬರೆದುಕೊಟ್ಟರೆ ಕ್ರೇನ್ ನನ್ನದೇ ಎಂದರು. ಅವನು ಕೊಟ್ಟಿರಲಿಲ್ಲ. ಕೊಟ್ಟವನ ಹೆಸರು ಹೇಳಿದ್ದರೆ ನೀನು ಕೆಲಸ ಕಳೆದುಕೊಂಡು ಮನೆಯಲ್ಲಿ ಕೂರುತ್ತಿದ್ದೆ, ನಿನ್ನ ಹಿಂದೆ ಅತ್ತೆ, ಇಬ್ಬರು ಮಕ್ಕಳು. ಎರಡೂ ಹೇಳಲಿಲ್ಲ. ಮರುದಿನ ನನ್ನನ್ನು ಕ್ರೇನಿನಿಂದ ಇಳಿಸಿದರು.

ಎರಡು ತಿಂಗಳಿಂದ ಸರಪಳಿ ಶೆಡ್ಡು ಗುಡಿಸುತ್ತಿದ್ದೇನೆ. ತುಕ್ಕಿನ ಪುಡಿ, ಎಣ್ಣೆ, ಪಾರಿವಾಳದ ಹಿಕ್ಕೆ. ದಿನಕ್ಕೆ ನಾನೂರು. ಒಂದು ದಿನದ ದುಡಿಮೆ ಎಂದರೆ ಒಂದು ದಿನದ ದುಡಿಮೆ. ಒಂಬೈನೂರು ಸಾಲ ಮಾಡಿ ಕಳಿಸಿ ‘ಇದು ಅಪ್ಪನ ಒಂದು ದಿನ’ ಎಂದಿದ್ದರೆ ಅದು ಸುಳ್ಳಾಗುತ್ತಿತ್ತು. ನಿನ್ನ ಅಕ್ಕನಿಗೆ ನಾನು ಸುಳ್ಳು ಹೇಳಿದವನಲ್ಲ.

ಕ್ವಾರ್ಟರ್ಸ್ ಕ್ರೇನ್ ನಡೆಸುವವರಿಗೆ. ಅದೂ ಹೋಯಿತು. ಒಂದು ಕೋಣೆಯಲ್ಲಿ ಎಂಟು ಜನ ಇದ್ದೇವೆ. ಮಕ್ಕಳನ್ನು ಎಲ್ಲಿಗೆ ಕರೆಯಲಿ?

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ನೀನು ನನ್ನನ್ನು ಹುತಾತ್ಮ ಮಾಡಿ ಇನ್ನೊಂದು ಕರಪತ್ರ ಅಚ್ಚು ಹಾಕಿಸುತ್ತಿದ್ದೆ. ನನಗೆ ಬೇಕಿದ್ದುದು ಕ್ರೇನ್. ಮೇಲೆ ಕೂತರೆ ಇಡೀ ಬಂದರು ಕಾಣುತ್ತಿತ್ತು. ಕಾರ್ಯದರ್ಶಿ ಮಾರ್ಚಿನಲ್ಲಿ ನನ್ನ ವಿಷಯ ಎತ್ತುತ್ತೇನೆ ಎಂದಿದ್ದಾನೆ, ನೋಡೋಣ.

ಅಚ್ಚಾದ ಒಂಬೈನೂರನ್ನು ನಂಬಿದೆ, ನಾನು ಬರೆದ ನಾನೂರನ್ನು ನಂಬಲಿಲ್ಲ. ನನಗಾದ ನೋವು ಅದೊಂದೇ. ಉಳಿದದ್ದನ್ನು ಮರೆಯುತ್ತೇನೆ.

ಮಗಳಿಗೆ ಏನು ಹೇಳುತ್ತೀಯೋ ಹೇಳು. ನಾನು ಹೇಳಿದರೆ ಈಗ ನಂಬುತ್ತಾಳೋ ಇಲ್ಲವೋ ಗೊತ್ತಿಲ್ಲ.

ನಿನ್ನ ಭಾವ


ಡಿಸೆಂಬರ್ 20

ಭಾವ,

ನಿಮ್ಮ ಕಾಗದವನ್ನು ಪ್ರೆಸ್ಸಿನ ಕಾಗದದ ರಾಶಿಯ ಮೇಲೆ ಕೂತು ಓದಿದೆ. ಯಂತ್ರ ನಡೆಸುವವನು “ಯಾರಾದ್ರೂ ಹೋಗ್ಬಿಟ್ರಾ?” ಎಂದು ಕೇಳಿದ. ಇಲ್ಲ ಎಂದೆ.

ಕ್ಷಮೆ ಕೇಳಲು ಮೂರು ಹಾಳೆ ಬರೆದು ಹರಿದೆ. ಮೂರರಲ್ಲೂ ಬಂಡವಾಳಶಾಹಿಗಳೇ ತುಂಬಿಕೊಂಡಿದ್ದರು, ನಾನು ಒಂದು ಮೂಲೆಯಲ್ಲಿದ್ದೆ. ಈ ಹಾಳೆಯಲ್ಲಿ ನಾನೇ ಇರುತ್ತೇನೆ. ತಪ್ಪು ನನ್ನದು. ಕಟ್ಟು ನಾನು ಕಳಿಸಿದೆ, ನಿಮ್ಮನ್ನು ಕೇಳದೆ. ಮಗಳಿಗೆ ನಾನು ಹೇಳಿದೆ, ತಿಳಿಯದೆ. ಹಂಚಬೇಕು ಎಂಬುದನ್ನು ಈಗಲೂ ನಂಬುತ್ತೇನೆ. ಇನ್ನೊಬ್ಬರ ಕೈಯಿಂದ, ಇನ್ನೊಬ್ಬರ ಹೊಟ್ಟೆಯ ಮೇಲೆ ಹಂಚಿಸಬಾರದಿತ್ತು.

ನಿಮ್ಮ ಕಾಗದವನ್ನು ದೊಡ್ಡವಳ ಕೈಗೇ ಕೊಟ್ಟೆ. ನಾನು ಓದಿ ಹೇಳಿದ್ದರೆ ಅವಳು ಕೇಳುತ್ತಿರಲಿಲ್ಲ. ಕಿಟಕಿಯ ಹತ್ತಿರ ನಿಂತು ಎರಡು ಸಲ ಓದಿದಳು. ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು.

“ಒಂದೇ ಕೋಣೇಲಿ ಎಂಟು ಜನಾನಾ?”

“ಹೌದು.”

“ನಿನ್ನಿಂದಾನಾ?”

“ಹೌದು.”

“ಅಪ್ಪ ದುಡ್ಡು ಇಟ್ಕೊಂಡ್ರು ಅಂತ ನನಗೆ ಹೇಳಿದ್ಯಲ್ಲ, ಆಗ ನಿಂಗೆ ಗೊತ್ತಿತ್ತಾ?”

“ಇಟ್ಕೊಂಡ್ರು ಅಂತ ನಾನು ಹೇಳ್ಲಿಲ್ಲ.”

“ಹಾಗೇ ಕೇಳಿಸ್ತು.”

ಆಮೇಲೆ ಅವಳು ನಿಮ್ಮ ಮೇಲೂ ಸಿಟ್ಟಾದಳು. “ಬೇಸಿಗೆ ಅಂದ್ರೆ ಬೇಸಿಗೆ, ಕಾಯ್ತೀನಿ. ಯಾಕೆ ಅಂತ ಅಪ್ಪ ನನಗೆ ಬರೀಬಹುದಿತ್ತು. ನಾನೇನು ಬುಗುರಿನಾ?” ಎಂದಳು. ಬುಗುರಿ “ನಾನೇ ಬುಗುರಿ” ಎಂದ.

ತಂದದ್ದನ್ನು ಹಿಂದಿರುಗಿಸಲು ಆಟಿಕೆ ಅಂಗಡಿಗೆ ಅವಳೇ ನನ್ನನ್ನು ಕರೆದುಕೊಂಡು ಹೋದಳು. ನಿಯಮ ನಾನೂರು ಎಂದರೆ ನಾನೂರು ಎಂದಳು. ಅಂಗಡಿಯವನು ರೈಲಿನ ಡಬ್ಬಿಯನ್ನು ನಾಲ್ಕು ಕಡೆಯೂ ತಿರುಗಿಸಿ, ಕಿವಿಗೆ ಹಿಡಿದು ಅಲ್ಲಾಡಿಸಿ, “ಆಡಿಸಿ ತಂದಿಲ್ಲ ತಾನೇ?” ಎಂದು ನನ್ನ ಮುಖ ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಅವಳು “ಇವರು ಆಡಲ್ಲ, ಬರೀ ಮಾತಾಡ್ತಾರೆ” ಎಂದಳು. ಅವನು ನಕ್ಕು ವಾಪಸ್ ತೆಗೆದುಕೊಂಡ. ಈಗ ಅವಳಿಗೆ ಹನ್ನೆರಡು ಬಣ್ಣದ ಪೆಟ್ಟಿಗೆ, ಬುಗುರಿಗೆ ಹಳಿಯಿಲ್ಲದ ಸಣ್ಣ ರೈಲು. ಒಂದೊಂದೂ ನಿಮ್ಮ ಒಂದು ದಿನ, ಸರಿಯಾಗಿ.

ನನ್ನ ಮೂರು ದಿನ ಹಿಂದಿರುಗಿ ಬಂದಿದೆ. ಅದು ಮೂರು ಟಿಕೆಟ್ಟಿಗೆ ಸಾಕು. ಇಪ್ಪತ್ತಾರು ಭಾನುವಾರ, ನಾನು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಬರಬಹುದೇ? ಕೋಣೆ ಬೇಡ, ಬೆಳಗ್ಗೆ ಬಂದು ಸಂಜೆ ಹೊರಡುತ್ತೇವೆ. ಬೇಡವೆಂದರೆ ಒಂದು ಸಾಲು ಬರೆಯಿರಿ. ಟಿಕೆಟ್ಟನ್ನು ಇಪ್ಪತ್ತೈದರ ಮಧ್ಯಾಹ್ನದವರೆಗೆ ಕೊಳ್ಳುವುದಿಲ್ಲ. ಅಮ್ಮ ಬರುವುದಿಲ್ಲ, ಮೊಣಕಾಲು. ಆದರೆ “ಅಳಿಯಂದ್ರು ಗುಡಿಸಿದ್ರೆ ಏನಂತೆ, ಗುಡಿಸೋದನ್ನ ನಾನು ಐವತ್ತು ವರ್ಷ ಮಾಡಿದೀನಿ” ಎಂದು ನಿಮಗೆ ತಿಳಿಸಲು ಹೇಳಿದ್ದಾರೆ.

ಇನ್ನೊಂದು ವಿಷಯ. ನಿಮ್ಮ ಬಂದರಿನ ಆಫೀಸಿಗೆ ನಾನು ನಾಲ್ಕು ಪುಟ ಬರೆದಿದ್ದೆ. ಕಟ್ಟು ಕಳಿಸಿದವನು ನಾನೇ ಎಂದು, ಹೆಸರು ವಿಳಾಸ ಸಮೇತ. ಅಂಚೆಗೆ ಹೊರಟಾಗ ದೊಡ್ಡವಳು ಬಾಗಿಲಲ್ಲಿ ನಿಂತು “ಅಪ್ಪನ್ನ ಕೇಳಿದ್ಯಾ?” ಎಂದಳು. ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ. ಕಳಿಸಲೇ, ಬೇಡವೇ? ಕಳಿಸಿದರೆ ಕ್ರೇನ್ ಸಿಗುತ್ತದೆ ಎಂದಾದರೆ ನನ್ನ ಕೆಲಸ ಹೋಗಲಿ. ನಿಮಗೆ ಇನ್ನಷ್ಟು ತೊಂದರೆಯಾಗುತ್ತದೆ ಎಂದಾದರೆ ಸುಡುತ್ತೇನೆ. ಅಲ್ಲಿಯವರೆಗೆ ಅದು ಅವಳ ಹತ್ತಿರ ಇದೆ.

ಈ ಕಾಗದವನ್ನೂ ಅವಳು ಓದಿದ್ದಾಳೆ. ಇನ್ನು ಮುಂದೆ ನಿಮ್ಮಿಂದ ಬರುವುದನ್ನು ಮೊದಲು ಅವಳೇ ಒಡೆಯುತ್ತಾಳಂತೆ, ಇಲ್ಲಿಂದ ಹೋಗುವುದನ್ನು ಕೊನೆಗೆ ಅವಳೇ ಅಂಟಿಸುತ್ತಾಳಂತೆ. ಮೇಲೆ ಮಸಿ ಬಳಿದ ಎರಡು ಸಾಲುಗಳು ನಿಮಗೆ ಕಾಣುತ್ತವೆ. ತ್ಯಾಗದ ಬಗ್ಗೆ ಬರೆದಿದ್ದೆ. ಚೆನ್ನಾಗಿ ಬಂದಿವೆ ಎಂದುಕೊಂಡಿದ್ದೆ. ಅವಳು ಓದಿ, “ಇದು ಅಪ್ಪನಿಗೆ ಬರ್ದಿದ್ದಲ್ಲ” ಎಂದು ಹೊಡೆದುಹಾಕಿದಳು.

ನಿಮ್ಮ ಭಾಮೈದ